ಕುರುಕುರು ಪಚಡಿ, ಎರಡು ಡಬ್ಬಿ

ಒಂಬತ್ತೂವರೆ ಎನ್ನುವ ಸಂಖ್ಯೆ ಕಿವಿಗೆ ಬಿದ್ದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಗಡಿಯಾರದಲ್ಲಿ ಒಂಬತ್ತೂವರೆ ಆದರೂ ಅಷ್ಟೇ, ಚಪ್ಪಲಿ ಅಂಗಡಿಯವನು "ಸಾಹೇಬರ ಕಾಲು ಒಂಬತ್ತೂವರೀರಿ" ಅಂದರೂ ಅಷ್ಟೇ. ಯಾಕೆಂದರೆ ಅದು ನನ್ನ ಐದು ವರ್ಷದ ಮಗಳು ಮಯೂರಿಯ ಹಿಮೋಗ್ಲೋಬಿನ್ನು. ನಮ್ಮ ಮಾಳಮಡ್ಡಿಯ ಮಕ್ಕಳ ಡಾಕ್ಟರು ಕುಮಾರಸ್ವಾಮಿಯವರು ಆ ಚೀಟಿಯನ್ನು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು ಒರೆಸಿದರು. ಡಾಕ್ಟರು ಕನ್ನಡಕ ಒರೆಸಿದರೆಂದರೆ ಏನೋ ಕೆಟ್ಟ ಸುದ್ದಿ ಎಂದು ನನಗೆ ಗೊತ್ತು. (ಬರೀ ಧೂಳಿಗೂ ಒರೆಸುತ್ತಾರೆಂದು ನಮ್ಮವರು ಆಮೇಲೆ ಹೇಳಿದರು. ಅವರಿಗೇನು, ಅವರು ಯಾವುದಕ್ಕೂ ಹೆದರುವವರಲ್ಲ, ನನಗೊಬ್ಬಳಿಗೆ ಬಿಟ್ಟು.)

ಡಾಕ್ಟರು ಒಂದು ಟಾನಿಕ್ಕು ಕೊಟ್ಟರು. ಮಯೂರಿ ಅದನ್ನು ಮೊದಲ ದಿನ ನನ್ನ ಸೀರೆಗೆ ಕೊಟ್ಟಳು, ಎರಡನೆಯ ದಿನ ಗೋಡೆಗೆ ಕೊಟ್ಟಳು. ಮೂರನೆಯ ದಿನ ಬಾಟಲಿ ನೋಡಿದ ಕೂಡಲೇ ವಾಂತಿ ಮಾಡಿದಳು. ಮತ್ತೆ ಡಾಕ್ಟರ ಹತ್ತಿರ ಓಡಿದೆ. ಸೊಪ್ಪು ತಿನ್ನಿಸ್ರಿ, ಕಾಯಿಪಲ್ಯ ತಿನ್ನಿಸ್ರಿ, ಆರು ವಾರ ಬಿಟ್ಟು ಮತ್ತೆ ರಕ್ತ ನೋಡೋಣ, ಆಗಲೂ ಏರದಿದ್ದರೆ ಸೂಜಿ ಹಾಕೋಣ ಅಂದರು. ಸೂಜಿ ಎಂಬ ಶಬ್ದ ಕೇಳಿ ಮಯೂರಿ ಮೇಜಿನ ಕೆಳಗೆ ಹೋಗಿ ಕುಳಿತಳು. ನನಗೂ ಅಲ್ಲಿಗೇ ಹೋಗಬೇಕೆನ್ನಿಸಿತ್ತು, ಜಾಗ ಇರಲಿಲ್ಲ.

ಈಗ ನನ್ನ ಮಗಳ ಆಹಾರಪದ್ಧತಿಯನ್ನು ತಮ್ಮೆದುರು ನಿವೇದಿಸಿಕೊಳ್ಳಬೇಕು. ಕುರುಕುರು ಸಪ್ಪಳ ಬರುವ ಯಾವುದನ್ನಾದರೂ ತಿನ್ನುತ್ತಾಳೆ: ಚೂಡಾ, ಚಕ್ಕಲಿ, ಖಾರಾ ಶೇವು, ಖಾರದಾಣಿ, ಹುರಿದ ಶೇಂಗಾ. ಹಸಿರು ಬಣ್ಣದ ಯಾವುದನ್ನೂ ತಿನ್ನುವುದಿಲ್ಲ. ಉಪ್ಪಿಟ್ಟಿನಲ್ಲಿ ಬಿದ್ದ ಕರಿಬೇವಿನ ಎಲೆಯನ್ನು ಅಕ್ಕಸಾಲಿಗನ ಹಾಗೆ ಎರಡು ಬೆರಳಿನ ತುದಿಯಲ್ಲಿ ಎತ್ತಿ ತಾಟಿನ ಅಂಚಿಗೆ ಒರಗಿಸಿಡುತ್ತಾಳೆ.

ನಮ್ಮ ಅತ್ತಿ ದಾಕ್ಷಾಯಿಣಿಯವರು ಶಿರಗುಪ್ಪಿಯ ಹೊಲದ ಮನೆತನದವರು. ಹಸಿ ಮೆಂತೆ ಸೊಪ್ಪು, ಹಸಿ ಮೂಲಂಗಿ, ಹಸಿ ಉಳ್ಳಾಗಡ್ಡಿಯನ್ನು ರೊಟ್ಟಿಯ ಜೋಡಿ ಕಚ್ಚಿ ಕಚ್ಚಿ ತಿಂದು ಬೆಳೆದವರು. ಅರವತ್ತೆಂಟರ ವಯಸ್ಸಿನಲ್ಲೂ ಅವರ ಹಲ್ಲಿನಲ್ಲಿ ಕಬ್ಬು ಸಿಗಿಯಬಹುದು. ಅವರು ಹೇಳಿದ್ದು ಇಷ್ಟೇ: "ಹಸದ್ರ ತಾನ ತಿಂತಾಳ ಬಿಡ. ನೀ ಹಿಂದ ಬೆನ್ನ ಹತ್ತೀದಿ ಅಂತ ಅಕಿ ಮುಂದ ಓಡ್ತಾಳ."

ಬಿಡಲಿಕ್ಕೆ ನನ್ನಿಂದ ಆಗುತ್ತದೆಯೇ? ಹುಬ್ಬಳ್ಳಿಯ ಇಂಗ್ಲಿಷ್ ಮೀಡಿಯಂ ಸಾಲಿಯಲ್ಲಿ ಓದಿದವಳು ನಾನು, ಮೊಬೈಲಿನಲ್ಲಿ ಮಕ್ಕಳ ಆರೋಗ್ಯದ ಮೇಲೆ ಹದಿನಾಲ್ಕು ಗುಂಪಿಗೆ ಸೇರಿದವಳು. ರಕ್ತಹೀನತೆಯ ಲಕ್ಷಣಗಳನ್ನು ಓದಿದೆ. ಆಯಾಸ, ಸಿಡಿಮಿಡಿ, ಮುಖ ಬಿಳಿಚಿಕೊಳ್ಳುವುದು, ಎದೆ ಹೊಡೆದುಕೊಳ್ಳುವುದು. ಓದುತ್ತ ಓದುತ್ತ ಎಲ್ಲವೂ ನನಗೇ ಆಗತೊಡಗಿದವು. ಮಯೂರಿ ಮಾತ್ರ ಸೋಫಾದಿಂದ ಸೋಫಾಕ್ಕೆ ಹಾರುತ್ತಿದ್ದಳು.

ಆಗ ನನಗೊಂದು ಮಹತ್ತರವಾದ ವಿಚಾರ ಹೊಳೆಯಿತು. ಕುರುಕುರು ಬೇಕಲ್ಲವೇ ಈ ಮಹಾರಾಣಿಗೆ? ಹಸಿರನ್ನೇ ಕುರುಕುರು ಮಾಡಿದರಾಯಿತು.

ಮರುದಿನವೇ ಪ್ರಯೋಗ ಶುರು. ಸೌತಿಕಾಯಿ, ಗಜ್ಜರಿ, ಮೂಲಂಗಿ ಸಣ್ಣಗೆ ಹೆಚ್ಚಿ, ಮೆಂತೆ ಸೊಪ್ಪು ಮತ್ತು ಹಕ್ಕರಕಿ ಎಲೆ ಸೋಸಿ ಹಾಕಿ, ಲಿಂಬೆ ಹಿಂಡಿದೆ. ಅದರ ಮೇಲೆ ಚೂಡಾ, ಖಾರದಾಣಿ, ಖಾರ ಹಚ್ಚಿದ ಶೇಂಗಾ. ಅಷ್ಟಕ್ಕೇ ಬಿಡದೆ ತಾಟಿನಲ್ಲೊಂದು ಮುಖ ಬರೆದೆ. ಸೌತಿಕಾಯಿಯ ಗಾಲಿ ಕಣ್ಣು, ಗಜ್ಜರಿ ಮೂಗು, ಶೇವಿನ ಮೀಸೆ, ಎರಡು ಕಡೆ ಚಕ್ಕಲಿಯ ಕಿವಿ. ಅತ್ತಿ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇದು ಪಚಡಿನೋ, ಗಿರ್ಮಿಟ್ಟೋ, ನಮ್ಮ ಮಾವನ ಫೋಟೋನೋ?" ಎಂದು ಕೇಳಿದರು.

ನಾನು ಇದಕ್ಕೆ ಕುರುಕುರು ಪಚಡಿ ಎಂದು ನಾಮಕರಣ ಮಾಡಿದೆ.

ಮೊದಲ ಬಲಿ ನಮ್ಮವರು. ಬಸವಪ್ರಭು ಎಂಬ ಈ ಮನುಷ್ಯ ವಿದ್ಯುತ್ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ, ಮನೆಯಲ್ಲಿ ಕರೆಂಟು ಹೋದರೆ ಮಾತ್ರ ಅವರನ್ನು ಕೇಳಬಾರದು. ತಾಟು ಮುಂದಿಟ್ಟೆ. ಅಷ್ಟರಲ್ಲಿ ಅವರಿಗೆ ಫೋನು ಬಂತು. ಫೋನು ಮುಗಿಯಲು ಹನ್ನೆರಡು ನಿಮಿಷ. ಹನ್ನೆರಡು ನಿಮಿಷದಲ್ಲಿ ಚೂಡಾ ನೀರು ಕುಡಿದು ಹಿಟ್ಟಾಗಿತ್ತು, ಮೀಸೆ ಗದ್ದಕ್ಕೆ ಇಳಿದಿತ್ತು. ಮೆತ್ತಗಾಗದೆ ಉಳಿದದ್ದು ಚಕ್ಕಲಿಯ ಕಿವಿ ಒಂದೇ. ಅದನ್ನು ಕಚ್ಚಿದಾಗ ಅವರ ದವಡೆ ಹಲ್ಲಿನಲ್ಲಿ ತುಂಬಿದ್ದ ಸಿಮೆಂಟು ಕಿತ್ತು ಬಂತು. "ಮಗಳ ರಕ್ತ ಏರಸಾಕ ನನ್ನ ಹಲ್ಲು ಯಾಕ ಇಳಸಾಕತ್ತೀ?" ಎಂದು ಕೇಳಿ ಎದ್ದು ಹೋದರು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ವಿಜ್ಞಾನದಲ್ಲಿ ಇಂಥವೆಲ್ಲ ಇರುವುದೇ.

ಮಯೂರಿಗೆ ಕೊಟ್ಟಾಗ ಬೇರೆಯದೇ ತೊಂದರೆ. ಅವಳು ಮುಖವನ್ನು ನೋಡಿ ಖುಷಿಪಟ್ಟು, ಮೀಸೆ ತಿಂದಳು, ಕಿವಿ ತಿಂದಳು, ಚೂಡಾದ ಕಾಳು ಕಾಳನ್ನೂ ಹೆಕ್ಕಿ ತಿಂದಳು. ಕೆಳಗಿನ ಸೊಪ್ಪು ಸೌತಿಕಾಯಿ ಇದ್ದಲ್ಲೇ ಇತ್ತು, ಒಂದು ಎಲೆ ಕೂಡ ಅಲುಗಾಡಿರಲಿಲ್ಲ. ಉಳಿದದ್ದನ್ನು ಯಾರು ತಿನ್ನಬೇಕು? ಚೆಲ್ಲಿದರೆ ಅತ್ತಿಗೆ ಸಿಟ್ಟು, ನಮ್ಮವರಿಗೆ ಹಲ್ಲು ನೋವು. ನಾನೂ ತಿನ್ನಲಿಲ್ಲ. ಖರೇ ಹೇಳಬೇಕೆಂದರೆ, ಮೂಲಂಗಿ ವಾಸನೆ ನನಗೂ ಸೇರುವುದಿಲ್ಲ. (ಇದನ್ನು ಮಯೂರಿಯ ಮುಂದೆ ಯಾರೂ ಆಡಬಾರದು.) ಓಣಿಯ ಆಕಳು ತಿಂದಿತು.

ಸಮಸ್ಯೆ ಮನೆಯಲ್ಲಿದೆ, ಪಚಡಿಯಲ್ಲಿಲ್ಲ ಎಂದು ನನಗೆ ಆಮೇಲೆ ಅರ್ಥವಾಯಿತು. ಮನೆಯಲ್ಲಿ ಮಕ್ಕಳಿಗೆ ಸಲಿಗೆ ಜಾಸ್ತಿ. ಹೊರಗೆ ನಾಲ್ಕು ಮಕ್ಕಳ ನಡುವೆ ಕುಳಿತರೆ ತಾನೇ ತಿನ್ನುತ್ತಾಳೆ. ಮಯೂರಿಯ ಸಾಲಿ ಸತ್ತೂರಿನ ಕಡೆಗಿದೆ. ಸಣ್ಣ ಮಕ್ಕಳನ್ನು ಹನ್ನೆರಡೂವರೆಗೆ ಬಿಡುತ್ತಾರೆ, ಅವಳು ಹೋಗಿಬರುವ ಆಟೋದ ದೊಡ್ಡ ಮಕ್ಕಳನ್ನು ಒಂದು ಗಂಟೆಗೆ. ಆ ಅರ್ಧ ತಾಸು ಸಣ್ಣವರು ಬೇವಿನ ಗಿಡದ ಕೆಳಗೆ ಆಟೋದಲ್ಲಿ ಕುಳಿತು ಎರಡನೆಯ ಡಬ್ಬಿ ತಿನ್ನುತ್ತಾರೆ. ಆ ಆಟೋದ ಒಡೆಯ ಫಕ್ರುಸಾಬ.

ಫಕ್ರುಸಾಬರನ್ನು ನಾನು ಸುಮ್ಮನೆ ಗೊತ್ತು ಮಾಡಿರಲಿಲ್ಲ. ಮೊದಲ ದಿನ ಮುಕ್ಕಾಲು ತಾಸು ಸಂದರ್ಶನ ಮಾಡಿದ್ದೆ. ಲೈಸೆನ್ಸು ನೋಡಿದೆ, ಬ್ರೇಕು ಒತ್ತಿಸಿ ನೋಡಿದೆ, ದೂರದ ಬೋರ್ಡು ಓದಿಸಿ ಕಣ್ಣು ಪರೀಕ್ಷಿಸಿದೆ, ಬೇರೆ ಏನಾದರೂ ಕಾಯಿಲೆ ಇದೆಯೇ ಎಂದೂ ಕೇಳಿದೆ. ಪಾಪ, ಅವರು ನಾಚಿಕೊಂಡು ಸ್ವಲ್ಪ ಸಕ್ಕರೆ ಕಾಯಿಲೆ ಇದೆಯೆಂದು ಹೇಳಿದ್ದರು. ನಾನು ಮುಂದಿನ ಪ್ರಶ್ನೆ ಹುಡುಕುತ್ತ, ಹಸಿ ಕಾಯಿಪಲ್ಯ ತಿನ್ರಿ ಅಣ್ಣಾರ ಅಂದಿದ್ದೆ. ಅಂದದ್ದನ್ನು ಅಲ್ಲೇ ಮರೆತೂ ಬಿಟ್ಟಿದ್ದೆ.

ಈಗ ಅವರಿಗೆ ಹೊಸ ಜವಾಬ್ದಾರಿ ವಹಿಸಿದೆ. ಎರಡು ಅಂತಸ್ತಿನ ಡಬ್ಬಿ ತಂದೆ. ಕೆಳಗಿನ ಡಬ್ಬಿಯಲ್ಲಿ ಸೊಪ್ಪು ತರಕಾರಿ, ಮೇಲಿನ ಡಬ್ಬಿಯಲ್ಲಿ ಚೂಡಾ ಖಾರದಾಣಿ. ಹನ್ನೆರಡೂವರೆಗೆ ಸರಿಯಾಗಿ ಮೇಲಿನದನ್ನು ಕೆಳಗಿನದರಲ್ಲಿ ಸುರುವಿ, ಕಲಸಿ, ಮೆತ್ತಗಾಗುವ ಮೊದಲೇ ಕೊಡಬೇಕು. ಅವರು ತಲೆಯಾಡಿಸಿದರು.

ಅಷ್ಟರಲ್ಲಿ ನನಗೆ ಇನ್ನೊಂದು ಚಿಂತೆ ಅಮರಿಕೊಂಡಿತು. ಒಂಟಿ ಮಗು ಸ್ವಾರ್ಥಿಯಾಗಿ ಬೆಳೆಯುತ್ತದೆ ಎಂದು ಗುಂಪಿನಲ್ಲಿ ಯಾರೋ ಬರೆದಿದ್ದರು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅತ್ತಿಯನ್ನು ಕೇಳಿದರೆ, ನಮ್ಮ ಮನೆತನದಲ್ಲಿ ಒಬ್ಬರಿಗೆ ನೀಡದೆ ಯಾರೂ ಉಂಡಿಲ್ಲ, ಶರಣರ ಮನೆಯ ಪದ್ಧತಿಯೇ ಅದು, ಹುಡುಗಿಗೆ ಅದನ್ನು ಕಲಿಸು ಸಾಕು ಅಂದರು. ಜೀವಮಾನದಲ್ಲಿ ಮೊದಲ ಸಲ ಅತ್ತಿಯ ಮಾತು ನನಗೆ ಪೂರ್ತಿ ಒಪ್ಪಿಗೆಯಾಯಿತು. ಮಯೂರಿಯನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದೆ:

"ತಿನ್ನೂಕಿಂತ ಮೊದಲ ಒಬ್ಬರಿಗೆ ಕೊಡಬೇಕು. ಡಬ್ಬಿ ತಗದ ಕೂಡಲೆ ಮೊದಲ ಫಕ್ರು ಕಾಕಾಗ ಕೊಡು. ಆಮ್ಯಾಲೆ ನೀ ತಿನ್ನು. ತಿಳೀತ?"

"ತಿಳೀತ ಮಮ್ಮಿ. ಮಮ್ಮಿ ಕೊಟ್ಟಾಳ ಅಂತ ಹೇಳ್ಲೇನು?"

"ಹೇಳವ್ವ, ನಮ್ಮ ಬಂಗಾರ."

ಕಣ್ಣಲ್ಲಿ ನೀರು ಬಂತು. ಎಷ್ಟು ಒಳ್ಳೆಯ ಸಂಸ್ಕಾರ, ಯಾರ ಮಗಳು ಅಂದುಕೊಂಡೆ.

ಅವತ್ತು ಡಬ್ಬಿ ಖಾಲಿ ಬಂತು. ಮೇಲಿನದೂ ಖಾಲಿ, ಕೆಳಗಿನದೂ ಖಾಲಿ. ನಾನು ಕೆಳಗಿನ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಮೆಂತೆ ಎಲೆ ಕೂಡ ಅಂಟಿರಲಿಲ್ಲ. ಮರುದಿನವೂ ಖಾಲಿ, ಅದರ ಮರುದಿನವೂ. ದಿನಾ ಮಧ್ಯಾಹ್ನ ಗೇಟಿನಲ್ಲೇ ನಿಂತು ವಿಚಾರಣೆ ನಡೆಸುತ್ತಿದ್ದೆ. ಡಬ್ಬಿ ಖಾಲಿ ಆಯಿತೇ? ಹ್ಞೂಂ. ಫಕ್ರು ಕಾಕಾಗೆ ಮೊದಲು ಕೊಟ್ಟೆಯಾ? ಹ್ಞೂಂ. ಛಲೋ ಇತ್ತೇ? ಭಾಳ ಛಲೋ ಇತ್ತು ಮಮ್ಮಿ. ಅವಳ ಮುಖದಲ್ಲಿ ಸುಳ್ಳಿನ ಸುಳಿವೇ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಹಾಗೆಂದು ನನ್ನ ಚಿಂತೆ ಕಡಿಮೆಯಾಯಿತೇ? ಡಬ್ಬಿ ತುಂಬಿ ಬಂದರೆ ಒಂದು ಚಿಂತೆ, ಖಾಲಿ ಬಂದರೆ ಇನ್ನೊಂದು. ಹಸಿ ತರಕಾರಿ ಹೊಟ್ಟೆ ಕೆಡಿಸಿದರೆ? ಖಾರದಾಣಿ ಗಂಟಲಿಗೆ ಸಿಕ್ಕರೆ? ಮನೆಗೆ ಬಂದು ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತಾಳಲ್ಲ, ಅದಕ್ಕೇನು? ಎರಡು ಸಲ ಕೆಳಗಿನ ಡಬ್ಬಿಯಿಂದ ಬೆಳ್ಳೊಳ್ಳಿಯ ವಾಸನೆ ಬಂತು. ನಾನು ಪಚಡಿಗೆ ಬೆಳ್ಳೊಳ್ಳಿ ಹಾಕುವುದೇ ಇಲ್ಲ. ಒಂದು ಸಲ ಅಂಚಿನಲ್ಲಿ ರೊಟ್ಟಿಯ ಸಣ್ಣ ಚೂರು. ನೇರವಾಗಿ ಅತ್ತಿಯ ಹತ್ತಿರ ಹೋಗಿ, ಮಗೂನ ಡಬ್ಬಿಯಲ್ಲಿ ಬೆಳ್ಳೊಳ್ಳಿ ಚಟ್ನಿ ಇಡಬೇಡಿರಿ ಎಂದು ಬಹಳ ವಿನಯದಿಂದ ಹೇಳಿದೆ.

"ನಾ ಯಾಕ ಇಡ್ಲಿ? ನನ್ನ ಚಟ್ನಿಗೆ ಭರಣಿ ಐತಿ, ಡಬ್ಬಿ ಬೇಕಾಗಿಲ್ಲ" ಅಂದರು ಅತ್ತಿ. ಎರಡು ದಿನ ನಮ್ಮಿಬ್ಬರ ನಡುವೆ ಮಾತುಕತೆಯೆಲ್ಲ ನಮ್ಮವರ ಮುಖಾಂತರ ನಡೆಯಿತು.

ಆರು ವಾರ ಮುಗಿಯಿತು. ಮಯೂರಿಗೆ ಎರಡು ಚಾಕಲೇಟು, ಒಂದು ಬಣ್ಣದ ಪೆನ್ಸಿಲ್ ಡಬ್ಬಿ, ನನಗೆ ಒಂದು ಗುಟುಕು ನೀರು, ಇಷ್ಟರ ಬಲದ ಮೇಲೆ ಬೆರಳಿಗೆ ಸೂಜಿ ಚುಚ್ಚಿಸಿಕೊಂಡೆವು. ಡಾಕ್ಟರು ಚೀಟಿ ನೋಡಿ, ಕನ್ನಡಕ ಒರೆಸಲಿಲ್ಲ. "ಹನ್ನೊಂದೂಕಾಲು. ಏನ ತಿನ್ನಿಸಿದ್ರಿ?" ಎಂದರು. ನಾನು ಕುರುಕುರು ಪಚಡಿಯ ಸಕಲ ಇತಿಹಾಸವನ್ನು ಅರುಹಿದೆ. ಹೇಳಿ ಮುಗಿಸುವಷ್ಟರಲ್ಲಿ ದಣಿದು ಕುರ್ಚಿ ಹಿಡಿದು ಕುಳಿತೆ, ಸಂತೋಷಕ್ಕೆ. ಡಾಕ್ಟರು ನನ್ನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ನಿಮ್ಮದೂ ಒಮ್ಮೆ ನೋಡಿಬಿಡೋಣ ಎಂದು ನನ್ನ ಬೆರಳಿಗೂ ಚುಚ್ಚಿದರು. ನನ್ನ ಚೀಟಿಗೆ ನಿಲ್ಲುವ ತಾಳ್ಮೆ ನನಗಿರಲಿಲ್ಲ. ಮಗಳದು ಹನ್ನೊಂದೂಕಾಲು, ಇನ್ನು ಜಗತ್ತಿನಲ್ಲಿ ನೋಡಲಿಕ್ಕೆ ಏನು ಉಳಿದಿದೆ?

ಆ ಸಂಜೆಯೊಳಗೆ ಹದಿನಾಲ್ಕು ಗುಂಪಿಗೂ ಸುದ್ದಿ ಮುಟ್ಟಿಸಿದೆ. ಅದರಲ್ಲೊಂದು ಸಾಲಿಯ ತಾಯಂದಿರ ಗುಂಪು. ಮರುದಿನವೇ ಟೀಚರಿನ ಫೋನು. ಶನಿವಾರ ತಾಯಂದಿರ ಸಭೆಯಲ್ಲಿ ಈ ಪಚಡಿಯನ್ನು ತಾವು ಮಾಡಿ ತೋರಿಸಬೇಕಂತೆ. ನಾನು ಒಲ್ಲೆ ಒಲ್ಲೆ ಎನ್ನುತ್ತಲೇ ಯಾವ ಸೀರೆ ಉಡುವುದೆಂದು ಯೋಚಿಸುತ್ತಿದ್ದೆ.

ಶನಿವಾರ ಹನ್ನೆರಡು ಗಂಟೆ. ಎದುರಿಗೆ ನಲವತ್ತು ತಾಯಂದಿರು, ಮೊದಲ ಸಾಲಿನಲ್ಲಿ ನಮ್ಮ ಅತ್ತಿ. (ಕರೆದಿರಲಿಲ್ಲ. ನೀ ಏನ್ ಮಾಡ್ತಿ ನೋಡೂಣು ಎಂದು ಬಂದಿದ್ದರು.) ಮೇಜಿನ ಮೇಲೆ ತರಕಾರಿ, ಚೂಡಾ, ಚಕ್ಕಲಿ. ಸೌತಿಕಾಯಿ ಹೆಚ್ಚುವಾಗ ಬೆರಳು ಹೆಚ್ಚಿಕೊಂಡೇನು ಎಂದು ಹೆದರಿಕೆ, ಲಿಂಬೆ ಹಿಂಡುವಾಗ ಬೀಜ ಬಿದ್ದೀತು ಎಂದು ಹೆದರಿಕೆ. ಹೇಗೋ ಮುಗಿಸಿ ಮುಖ ಬರೆದೆ, ಮೀಸೆ ಹಚ್ಚಿದೆ, ಕಿವಿ ಕೂರಿಸಿದೆ. ಒಂದೇ ಒಂದು ಗುಟ್ಟು, ಮೆತ್ತಗಾಗುವ ಮೊದಲು ತಿನ್ನಬೇಕು ಎಂದೆ. ತಾಯಂದಿರು ಬರೆದುಕೊಂಡರು. ಕೆಲವರು ಫೋಟೋ ತೆಗೆದರು. ನನ್ನ ಜೀವನದ ಅತ್ಯುನ್ನತ ಶಿಖರ ಅದು. ಅಲ್ಲೇ ಇಳಿದುಬಿಡಬೇಕಿತ್ತು.

ಟೀಚರು ಉತ್ಸಾಹದಿಂದ, ಮಯೂರಿನೇ ಎಲ್ಲರೆದುರು ತಿಂದು ತೋರಿಸಲಿ ಎಂದರು. ಆರು ವಾರಗಳಲ್ಲಿ ಒಂದು ದಿನವೂ ನಾನು ಅವಳು ಪಚಡಿ ತಿನ್ನುವುದನ್ನು ಕಣ್ಣಾರೆ ಕಂಡಿರಲಿಲ್ಲ ಎಂಬುದು ಆ ಗಳಿಗೆಯಲ್ಲಿ ನೆನಪಾಯಿತು.

ಮಯೂರಿ ಬಂದಳು. ಮೀಸೆ ತಿಂದಳು. ಕಿವಿ ತಿಂದಳು. ತಾಯಂದಿರು ಚಪ್ಪಾಳೆ ತಟ್ಟಿದರು. ಆಮೇಲೆ ಅವಳು ತಾಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಚೆಲ್ಲದ ಹಾಗೆ ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ಬಾಗಿಲ ಕಡೆ ನಡೆದಳು.

"ಮಯೂರಿ, ಎಲ್ಲಿ ಹೊಂಟಿ?"

"ಫಕ್ರು ಕಾಕಾಗ ಕೊಟ್ಟ ಬರ್ತೇನಿ. ಕಾಕಾಂದು ಹಸರು, ನಂದು ಕುರುಕುರು."

ನಲವತ್ತು ತಾಯಂದಿರು ಕಿಟಕಿಗೆ ಹೋದರು. ಬೇವಿನ ಗಿಡದ ಕೆಳಗೆ ಆಟೋ ನಿಂತಿತ್ತು. ಫಕ್ರುಸಾಬರು ತಾಟನ್ನು ಇಸಗೊಂಡು, ಸೀಟಿನ ಕೆಳಗಿನಿಂದ ಒಂದು ಹಿತ್ತಾಳೆಯ ಡಬ್ಬಿ ತೆಗೆದು ಅವಳ ಕೈಗಿಟ್ಟರು. ಅವಳು ಸಾಲಿಯ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕುಳಿತು ತೆಗೆದಳು. ಜೋಳದ ರೊಟ್ಟಿ, ನಡುವೆ ದಪ್ಪಗೆ ಹಚ್ಚಿದ ಪುಂಡಿಪಲ್ಯ. ಕಡುಹಸಿರು. ನನ್ನ ಮಗಳು ಅದನ್ನು ಸುತ್ತಿ ಕಚಕ್ಕನೆ ಕಚ್ಚಿದಳು.

ಟೀಚರು ಫಕ್ರುಸಾಬರನ್ನು ಒಳಗೆ ಕರೆಸಿದರು. ಅಷ್ಟು ಹೆಣ್ಣುಮಕ್ಕಳನ್ನು ಕಂಡು ಅವರು ಟೊಪ್ಪಿಗೆ ಸರಿಮಾಡಿಕೊಂಡು ಬಾಗಿಲಲ್ಲೇ ನಿಂತರು. ಏನೋ ತಪ್ಪಾಗಿದೆ ಎಂದುಕೊಂಡರು, ಪಾಪ. ಆಮೇಲೆ ನನ್ನ ಕಡೆ ತಿರುಗಿ ಕೈ ಜೋಡಿಸಿದರು.

"ಈ ಅಕ್ಕಾರು ನನ್ನ ಮ್ಯಾಲೆ ಭಾಳ ಉಪಕಾರ ಮಾಡ್ಯಾರ್ರಿ. ನನಗ ಸಕ್ಕರಿ ಐತಿ ಅಂತ ಒಮ್ಮೆ ಹೇಳಿದ್ದೆ. ಅದನ್ನ ನೆನಪಿಟ್ಟು ದಿನಾ ಮಗೂನ ಕೈಯಾಗ ಹಸಿ ಕಾಯಿಪಲ್ಯ ಕಳಸ್ತಾರ. ಮೊದಲ ಕಲಸಿ ಕೂಸಿಗೆ ಕೊಡ್ರಿ ಅಂದಿದ್ರು, ಆಮ್ಯಾಲೆ ಕೂಸ ಹಸರು ಡಬ್ಬಿ ನನ್ನ ಕೈಗಿಟ್ಟು, ಮಮ್ಮಿ ಕೊಟ್ಟಾಳ, ಮೊದಲ ನೀವು ತಿನ್ರಿ ಅಂತು, ಕಲಸೂದು ಬಿಟ್ಟೆ. ಇನ್ನೂರಾ ನಲವತ್ತಿದ್ದ ಸಕ್ಕರಿ ನೂರಾ ಐವತ್ತಕ್ಕ ಬಂದೈತ್ರಿ. ಖಾಲಿ ಡಬ್ಬಿ ತಿರುಗಿ ಕಳಸಬಾರದು ಅಂತ ನಮ್ಮಾಕಿ ಗುಲ್ಜಾರಬಿ ಮಗೀಗಂತ ಬ್ಯಾರೇ ರೊಟ್ಟಿ ಪಲ್ಯ ಕಟ್ತಾಳ, ಒಮ್ಮೊಮ್ಮೆ ಅದನ್ನ ಕೂಸಿನ ಡಬ್ಬಿಯೊಳಗ ಹಾಕಿ ತಿನ್ನಸ್ತೇನಿ. ನೀವು ಶರಣರ ಮನಿಯವರು ಅಂತ ಸೊಪ್ಪಿನ ಪಲ್ಯಾನ, ಬ್ಯಾರೇ ಗಡಗಿಯೊಳಗ."

ಬೆಳ್ಳೊಳ್ಳಿಯ ವಾಸನೆ, ರೊಟ್ಟಿಯ ಚೂರು, ಮಧ್ಯಾಹ್ನ ಹಸಿವಿಲ್ಲದ್ದು, ಹನ್ನೊಂದೂಕಾಲು, ಎಲ್ಲವೂ ಒಂದರ ಹಿಂದೊಂದು ಸಾಲಾಗಿ ಬಂದು ನನ್ನ ಮುಂದೆ ನಿಂತವು. ನಾನು ದಿನಾ ಆರು ಗಂಟೆಗೆದ್ದು ಹೆಚ್ಚಿದ್ದೆಲ್ಲ ಫಕ್ರುಸಾಬರ ಸಕ್ಕರೆ ಇಳಿಸಲು. ನನ್ನ ಮಗಳ ರಕ್ತ ಏರಿಸಿದವಳು ನಾನು ಮುಖ ಸಹ ನೋಡಿರದ ಗುಲ್ಜಾರಬಿ. ಅವರ ಕೃತಜ್ಞತೆಯನ್ನು ಸ್ವೀಕರಿಸುವುದೋ, ನನಗೇನೂ ಗೊತ್ತಿರಲಿಲ್ಲ ಎಂದು ನಲವತ್ತು ಜನರೆದುರು ಒಪ್ಪಿಕೊಳ್ಳುವುದೋ? ನಾನು, "ಇರ್ಲಿ ಬಿಡ್ರಿ ಅಣ್ಣಾರ, ಅದರಾಗೇನೈತಿ" ಅಂದೆ. ಅತ್ತಿ ನನ್ನನ್ನೊಮ್ಮೆ ನೋಡಿದರು. ಆ ನೋಟದ ಬಾಕಿ ಇನ್ನೂ ತೀರಿಲ್ಲ.

ನನ್ನ ದೊಡ್ಡ ಹೆದರಿಕೆ ಅತ್ತಿಯದೇ. ಹೊರಗಿನವರ ಮನೆಯ ಊಟ, ಆರು ವಾರ, ಮೊಮ್ಮಗಳು. ಏನೆನ್ನುತ್ತಾರೋ. ಅವರು ಎದ್ದು ಮೆಟ್ಟಿಲ ಹತ್ತಿರ ಹೋದರು, ಮಯೂರಿಯ ಕೈಯಿಂದ ಒಂದು ತುತ್ತು ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದರು.

"ಜ್ವಾಳದ ನುಚ್ಚು ಹಾಕಿ ಮಾಡ್ಯಾಳ" ಅಂದರು. "ನಮ್ಮ ಶಿರಗುಪ್ಪ್ಯಾಗ ಹಿಂಗ ಮಾಡ್ತಿದ್ರು. ಫಕ್ರುಸಾಬ, ನಿಮ್ಮ ಮನಿಯವರನ್ನ ಒಮ್ಮೆ ನಮ್ಮನಿಗೆ ಕರಕೊಂಡು ಬರ್ರಿ."

ನಲವತ್ತು ತಾಯಂದಿರೂ ಪುಸ್ತಕದ ಹಾಳೆ ತಿರುವಿದರು. ಪುಂಡಿ ಎಷ್ಟು, ನುಚ್ಚು ಎಷ್ಟು, ಬೆಳ್ಳೊಳ್ಳಿ ಎಷ್ಟು ಎಂದು ಫಕ್ರುಸಾಬರ ಸುತ್ತ ನೆರೆದರು. ಮುಂದಿನ ತಿಂಗಳ ಸಭೆಗೆ ಗುಲ್ಜಾರಬಿಯೇ ಬರಬೇಕೆಂದು ಅಲ್ಲೇ ತೀರ್ಮಾನವಾಯಿತು. ಮೇಜಿನ ಮೇಲೆ ಉಳಿದ ನನ್ನ ಚೂಡಾ ಮೆತ್ತಗಾಗಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಮರ್ಯಾದೆಯಿಂದ ಬದುಕುತ್ತಿದ್ದೆ. ಸೋಮವಾರ ನಮ್ಮವರು ಕಚೇರಿಯಿಂದ ಬರುವಾಗ ಡಾಕ್ಟರ ಹತ್ತಿರ ಹೋಗಿ ನನ್ನ ಚೀಟಿ ತಂದರು. ಓದಲಿಲ್ಲ, ಸುಮ್ಮನೆ ನನ್ನ ಮುಂದಿಟ್ಟು ಹಲ್ಲು ಮುಟ್ಟಿ ನೋಡಿಕೊಂಡರು.

ಒಂಬತ್ತೂವರೆ.

ಈಗ ಏರ್ಪಾಡು ಹೀಗಿದೆ. ಬೆಳಿಗ್ಗೆ ಆರಕ್ಕೆ ನಾನು ಪಚಡಿ ಹೆಚ್ಚುತ್ತೇನೆ, ಫಕ್ರುಸಾಬರಿಗೆ. ಮಧ್ಯಾಹ್ನ ಆಟೋದಲ್ಲಿ ಗುಲ್ಜಾರಬಿಯ ಎರಡು ಡಬ್ಬಿ, ಒಂದು ಮಯೂರಿಗೆ, ಒಂದು ನನಗೆ. ಮಯೂರಿ ತನ್ನದನ್ನು ಬೇವಿನ ಗಿಡದ ಕೆಳಗೇ ಮುಗಿಸಿ ಬಂದಿರುತ್ತಾಳೆ. ಆದರೂ ನನ್ನ ಎದುರಿಗೆ ಕುರ್ಚಿ ಹಾಕಿಕೊಂಡು, ಸೊಂಟಕ್ಕೆ ಕೈಯಿಟ್ಟು ಕುಳಿತುಕೊಳ್ಳುತ್ತಾಳೆ. ಸೊಪ್ಪು ಬಿಡುವ ಹಾಗಿಲ್ಲ, ಬಿಟ್ಟರೆ ಸೂಜಿ ಎನ್ನುತ್ತಾಳೆ. ನಾನು ಡಬ್ಬಿ ತೆಗೆದು ಮೊದಲ ತುತ್ತು ಎತ್ತಿದರೆ ಅಂಗೈ ಮುಂದೆ ಚಾಚುತ್ತಾಳೆ.

"ಮಮ್ಮಿ, ತಿನ್ನೂಕಿಂತ ಮೊದಲ ಒಬ್ಬರಿಗೆ ಕೊಡಬೇಕು."

ಕೊಡುತ್ತೇನೆ. ಅರ್ಧಕ್ಕಿಂತ ಹೆಚ್ಚು ಅವಳಿಗೇ ಹೋಗುತ್ತದೆ. ಉಳಿದದ್ದರಿಂದ ಆರು ವಾರದಲ್ಲಿ ನನ್ನದು ಎಷ್ಟಕ್ಕೆ ಏರೀತು ಎಂದು ಹದಿನಾಲ್ಕು ಗುಂಪುಗಳಲ್ಲಿ ಕೇಳಬೇಕೆಂದಿದ್ದೆ. ಆದರೆ ಶನಿವಾರದಿಂದ ಆ ಗುಂಪುಗಳಲ್ಲಿ ಎಲ್ಲರೂ ಬರೀ ಗುಲ್ಜಾರಬಿಯ ನಂಬರು ಕೇಳುತ್ತಿದ್ದಾರೆ.